ಟೊರಾಂಟೊದಲ್ಲಿ ವಲಸಿಗ, ಬೆಂಗಳೂರಿನಲ್ಲಿ ಮನೆಯವ: ನ್ಯಾಯ ಎರಡಾಗಬಹುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಹದಿನಾಲ್ಕು ವರ್ಷಗಳಿಂದ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ನೆಲೆಸಿದ್ದೇನೆ. ಎಲ್ಲ ಸಂಸ್ಕೃತಿಗಳಿಗೂ ಜಾಗವಿರುವ ದೇಶ ಎಂಬ ನಂಬಿಕೆಯಿಂದಲೇ ಇಲ್ಲಿಗೆ ಬಂದವನು. ಈಚೆಗೆ ಸಹೋದ್ಯೋಗಿಗಳು, ಬಹುಸಂಸ್ಕೃತಿ ನೀತಿ ಸೋತಿದೆ, ಎಲ್ಲರೂ ತಮ್ಮ ತಮ್ಮ ಗೂಡು ಸೇರಿಕೊಂಡಿದ್ದಾರೆ ಎಂದು ಮಾತಾಡಿಕೊಳ್ಳುವುದನ್ನು ಕೇಳಿದಾಗ ನೋವಾಗುತ್ತದೆ. ಆದರೆ ಬೆಂಗಳೂರಿನಲ್ಲಿರುವ ನನ್ನ ತಮ್ಮ, ಹೊರಗಿನಿಂದ ಬಂದವರು ಹತ್ತು ವರ್ಷವಾದರೂ ಕನ್ನಡ ಕಲಿಯುವುದಿಲ್ಲ ಎಂದು ಫೋನಿನಲ್ಲಿ ಸಿಟ್ಟಾದಾಗ ನಾನೂ ಹೌದೆನ್ನುತ್ತೇನೆ. ಇದು ಇಬ್ಬಗೆಯ ನೀತಿಯಲ್ಲವೇ? ಹನ್ನೆರಡು ವರ್ಷದ ಮಗಳು ನನ್ನನ್ನು ಇದನ್ನೇ ಕೇಳಿದಳು, ಅದೂ ಇಂಗ್ಲಿಷಿನಲ್ಲಿ. ಅವಳಿಗೆ ಏನು ಹೇಳಲಿ?

ಉತ್ತರ: ಇಬ್ಬಗೆಯ ನೀತಿ ಆಗಲೇಬೇಕೆಂದಿಲ್ಲ. ಬಂದವರು ಊರಿನ ಭಾಷೆ ಕಲಿಯಬೇಕೆನ್ನುವುದೂ, ಬಂದವರ ಭಾಷೆ, ನಂಬಿಕೆ, ಊಟ, ಉಡುಗೆಗಳಿಗೆ ಊರು ಜಾಗ ಕೊಡಬೇಕೆನ್ನುವುದೂ ಒಂದೇ ಒಪ್ಪಂದದ ಎರಡು ಕರಾರುಗಳು. ಬ್ರಾಂಪ್ಟನ್‌ನಲ್ಲಿ ಎರಡನೆಯ ಕರಾರನ್ನು ಮಾತ್ರ, ಬೆಂಗಳೂರಿನಲ್ಲಿ ಮೊದಲನೆಯದನ್ನು ಮಾತ್ರ ನೀವು ನೆನೆಸಿಕೊಂಡರೆ ಮಗಳ ಆಕ್ಷೇಪ ನಿಜವಾಗುತ್ತದೆ. ಎರಡೂ ಕಡೆ ಎರಡನ್ನೂ ಒಪ್ಪುವಿರಾದರೆ ನಿಮ್ಮ ನ್ಯಾಯ ಒಂದೇ. ಇದನ್ನು ವಿವರಿಸಲು ಕೆನಡಾದ ಚರಿತ್ರೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸೋತಿತು ಎನ್ನಲಾಗುತ್ತಿರುವ ಆ ನೀತಿಯಲ್ಲಿ ಮೊದಲಿಗೆ ಏನಿತ್ತು ಎಂಬುದನ್ನೇ ಅದರ ಟೀಕಾಕಾರರೂ ಸಮರ್ಥಕರೂ ಮರೆತಂತಿದೆ.

1963ರಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್ ಮಾತಾಡುವವರ ನಡುವೆ ಬೆಳೆಯುತ್ತಿದ್ದ ಬಿರುಕನ್ನು ಪರಿಶೀಲಿಸಲು ಕೆನಡಾ ಸರ್ಕಾರ ದ್ವಿಭಾಷೆ ಮತ್ತು ದ್ವಿಸಂಸ್ಕೃತಿ ಆಯೋಗವನ್ನು ನೇಮಿಸಿತು. 'ಎರಡು ಸಂಸ್ಕೃತಿ' ಎಂಬ ಆ ಮಾತು ಪಶ್ಚಿಮದ ಹುಲ್ಲುಗಾವಲು ಪ್ರಾಂತಗಳಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಉಕ್ರೇನಿಯನ್ನರಿಗೆ ಚುಚ್ಚಿತು. ಈ ನೆಲವನ್ನು ಉತ್ತವರು ನಾವು, ಹಾಗಾದರೆ ನಮ್ಮದು ಯಾವ ಲೆಕ್ಕ ಎಂಬುದು ಅವರ ಪ್ರಶ್ನೆ. ಆ ಸಮುದಾಯದಿಂದ ಬಂದ ಸೆನೆಟರ್ ಪಾಲ್ ಯೂಜಿಕ್ 1964ರಲ್ಲಿ ಸೆನೆಟ್‌ನ ತಮ್ಮ ಮೊದಲ ಭಾಷಣದಲ್ಲೇ ಇದನ್ನು ಎತ್ತಿದರು. ಕೊನೆಗೆ 1971ರ ಅಕ್ಟೋಬರ್ 8ರಂದು ಪ್ರಧಾನಿ ಪಿಯರ್ ಟ್ರೂಡೊ ಸಂಸತ್ತಿನಲ್ಲಿ ಹೊಸ ನೀತಿಯನ್ನು ಪ್ರಕಟಿಸಿದರು: ಅಧಿಕೃತ ಭಾಷೆಗಳು ಎರಡು, ಅಧಿಕೃತ ಸಂಸ್ಕೃತಿ ಯಾವುದೂ ಇಲ್ಲ.

ಆ ಹೇಳಿಕೆಯಲ್ಲಿ ನಾಲ್ಕು ಭರವಸೆಗಳಿದ್ದವು. ಸಮುದಾಯಗಳು ತಮ್ಮ ಸಂಸ್ಕೃತಿಯನ್ನು ಉಳಿಸಿ ಬೆಳೆಸಿಕೊಳ್ಳಲು ನೆರವು, ಅವರು ಸಮಾಜದಲ್ಲಿ ಪೂರ್ಣವಾಗಿ ಪಾಲ್ಗೊಳ್ಳಲು ಇರುವ ಅಡ್ಡಿಗಳ ನಿವಾರಣೆ, ಸಮುದಾಯ ಸಮುದಾಯಗಳ ನಡುವೆ ಒಡನಾಟ, ಮತ್ತು ವಲಸೆ ಬಂದವರು ಎರಡು ಅಧಿಕೃತ ಭಾಷೆಗಳಲ್ಲಿ ಒಂದನ್ನಾದರೂ ಕಲಿಯಲು ಸಹಾಯ. ಹಬ್ಬ, ಮೆರವಣಿಗೆ, ಊಟದ ಮೇಳಗಳ ಚಿತ್ರಗಳೆಲ್ಲ ಮೊದಲನೆಯ ಭರವಸೆಗೆ ಸೇರಿದವು, ಆದ್ದರಿಂದ ಬಹುಸಂಸ್ಕೃತಿ ಎಂದರೆ ಅಷ್ಟೇ ಎಂಬ ಭಾವನೆ ಬೆಳೆಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ನೀತಿಯ ಜೀವ ಉಳಿದ ಮೂರರಲ್ಲಿದೆ. ಗೂಡು ಸೇರಿಕೊಂಡಿದ್ದಾರೆ ಎಂಬ ದೂರು ಎಲ್ಲಿ ನಿಜವೋ ಅಲ್ಲಿ ಈ ಮೂರು ಸೊರಗಿವೆ ಎಂದೇ ಅರ್ಥ.

ಅದಕ್ಕೂ ಮುಂಚಿನ ಕೆನಡಾ ಹೇಗಿತ್ತೆಂಬುದನ್ನು ನೆನೆದರೆ ಈ ನೀತಿಯ ಬೆಲೆ ತಿಳಿಯುತ್ತದೆ. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಎಂಬ ಹಡಗು, ಬಹುಪಾಲು ಪಂಜಾಬಿನವರೇ ಆಗಿದ್ದ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಆಗ ಇತ್ತು. ಭಾರತದಿಂದ ಹಾಗೆ ನೇರವಾಗಿ ಬರುವ ಹಡಗೇ ಇಲ್ಲದಂತೆ ನೋಡಿಕೊಂಡಿದ್ದರಿಂದ, ಭಾರತೀಯ ಎಂಬ ಹೆಸರನ್ನೂ ಎತ್ತದೆ ಭಾರತೀಯರನ್ನು ಹೊರಗಿಡುವುದು ಸಾಧ್ಯವಾಗಿತ್ತು. ಎರಡು ತಿಂಗಳು ಬಂದರಿನಲ್ಲೇ ನಿಂತ ಹಡಗನ್ನು ಕೊನೆಗೆ ಹಿಂದಕ್ಕೆ ಅಟ್ಟಲಾಯಿತು. ಕೆನಡಾ ಸಂಸತ್ತಿನಲ್ಲಿ ಇದಕ್ಕೆ ಪ್ರಧಾನಿಯೊಬ್ಬರು ಕ್ಷಮೆ ಕೇಳಿದ್ದು 2016ರಲ್ಲಿ. ಬಣ್ಣ ನೋಡದೆ ವಿದ್ಯೆ, ಕಸುಬು, ಭಾಷೆಗಳಿಗೆ ಅಂಕ ಕೊಡುವ ಪದ್ಧತಿ ಜಾರಿಗೆ ಬಂದದ್ದು 1967ರಲ್ಲಿ. ನಿಮ್ಮಂಥವರು ಅಲ್ಲಿಗೆ ಹೋಗಲು ದಾರಿಯಾದದ್ದು ಆ ಬದಲಾವಣೆಯಿಂದ.

ಈಗ ಬೆಂಗಳೂರಿನ ಮಾತಿಗೆ ಬರೋಣ. ಅದಕ್ಕೆ ನೀವಿರುವ ಒಂಟಾರಿಯೊ ಪ್ರಾಂತಕ್ಕಿಂತ ಅದರ ನೆರೆಯ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ ಹತ್ತಿರದ ಹೋಲಿಕೆ. 1971ರ ನೀತಿಯನ್ನು ಕ್ವಿಬೆಕ್ ಅಂದೇ ಒಪ್ಪಲಿಲ್ಲ. ಪ್ರಾಂತದ ಪ್ರಧಾನಿ ರಾಬರ್ಟ್ ಬೂರಾಸಾ ಟ್ರೂಡೊ ಅವರಿಗೆ ಪತ್ರ ಬರೆದು ಅಸಮ್ಮತಿ ತಿಳಿಸಿದರು. ಅವರ ಆತಂಕ ನಮಗೆ ಅರ್ಥವಾಗುವಂಥದ್ದು. ಫ್ರೆಂಚರು ಕ್ವಿಬೆಕ್‌ನೊಳಗೆ ಬಹುಸಂಖ್ಯಾತರು, ಇಡೀ ದೇಶದಲ್ಲಿ ಅಲ್ಪಸಂಖ್ಯಾತರು. ತಮ್ಮ ಪ್ರಾಂತದ ದೊಡ್ಡ ನಗರವಾದ ಮಾಂಟ್ರಿಯಲ್‌ನಲ್ಲೇ ಅಂಗಡಿ, ಬ್ಯಾಂಕು, ಕಾರ್ಖಾನೆಗಳ ಮೇಲಿನ ಹುದ್ದೆಗಳ ಭಾಷೆ ಇಂಗ್ಲಿಷ್ ಆಗಿತ್ತು. ಬಂದ ವಲಸಿಗರಲ್ಲಿ ಹೆಚ್ಚಿನವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದರು. ಕನ್ನಡಿಗರೂ ಅಷ್ಟೇ: ಕರ್ನಾಟಕದಲ್ಲಿ ಬಹುಸಂಖ್ಯಾತರು, ಭಾರತದಲ್ಲಿ ಅಲ್ಪಸಂಖ್ಯಾತರು, ರಾಜಧಾನಿಯ ಉದ್ಯೋಗ ಪೇಟೆಯಲ್ಲಿ ತಮ್ಮ ಭಾಷೆಗೆ ಬೆಲೆ ಕಡಿಮೆ ಎಂಬ ಅನುಭವ ಉಳ್ಳವರು. ನಿಮ್ಮ ತಮ್ಮನ ಸಿಟ್ಟಿಗೆ ಕಾರಣವಿದೆ. ಅದನ್ನು ಸಣ್ಣತನ ಎಂದು ತಳ್ಳಿಹಾಕುವ ವಿದ್ವಾಂಸರೊಂದಿಗೆ ನನಗೆ ಸಹಮತವಿಲ್ಲ.

ಕ್ವಿಬೆಕ್ 1977ರಲ್ಲಿ ಫ್ರೆಂಚ್ ಭಾಷಾ ಸನ್ನದು ಎಂಬ ಕಾಯ್ದೆ ತಂದು ವಲಸಿಗರ ಮಕ್ಕಳು ಫ್ರೆಂಚ್ ಶಾಲೆಯಲ್ಲೇ ಓದಬೇಕೆಂದು ಗೊತ್ತುಮಾಡಿತು. ಇಂದು ಅಂಥ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಫ್ರೆಂಚ್ ಶಾಲೆಗಳಲ್ಲಿದ್ದಾರೆ. ಮನೆಯಲ್ಲಿ ಅರಬಿ, ಸ್ಪ್ಯಾನಿಷ್, ಪಂಜಾಬಿ ಮಾತಾಡುವ ಮಕ್ಕಳು ಬೀದಿಯಲ್ಲಿ ಫ್ರೆಂಚಿನಲ್ಲಿ ಜಗಳವಾಡುತ್ತಾರೆ, ನಗುತ್ತಾರೆ. ನಾಮಫಲಕಗಳ ಕತೆಯೂ ನಮಗೆ ಪರಿಚಿತವೆನಿಸುತ್ತದೆ. ಫಲಕಗಳು ಫ್ರೆಂಚಿನಲ್ಲಿ ಮಾತ್ರ ಇರಬೇಕೆಂಬ ನಿಯಮವನ್ನು 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಆದರೆ ಫ್ರೆಂಚ್ ಎದ್ದು ಕಾಣುವಂತಿರಬೇಕೆಂದು ಕೇಳಿದರೆ ತಪ್ಪಿಲ್ಲ ಎಂದಿತು. ಪ್ರಾಂತ ಮೊದಲು ಆ ತೀರ್ಪನ್ನು ಬದಿಗೊತ್ತಿ, 1993ರಲ್ಲಿ ಅದೇ ಮಧ್ಯದ ದಾರಿಗೆ ಬಂತು. ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ 2024ರ ನಮ್ಮ ಕಾನೂನಿನ ಹಿಂದೆಯೂ ಇಂಥದೇ ತರ್ಕವಿದೆ. ಊರಿನ ಭಾಷೆ ಮುಂದೆ, ಉಳಿದವು ಜೊತೆಯಲ್ಲಿ. ಇದರಲ್ಲಿ ಅನ್ಯಾಯವಿಲ್ಲ, ಆದರೆ ಫಲಕ ಒಡೆಯುವ ಕಲ್ಲು ಈ ತರ್ಕದೊಳಗೆ ಬರುವುದಿಲ್ಲ.

ಹೋಲಿಕೆ ಮುರಿಯುವ ಜಾಗವನ್ನೂ ಕಾಣಬೇಕು. ಕ್ವಿಬೆಕ್ ತನ್ನ ವಲಸಿಗರಲ್ಲಿ ದೊಡ್ಡ ಪಾಲನ್ನು ತಾನೇ ಆರಿಸಿಕೊಳ್ಳುತ್ತದೆ. 1991ರಲ್ಲಿ ಕೇಂದ್ರದೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಅದಕ್ಕೆ ಆ ಅಧಿಕಾರವಿದೆ, ಮತ್ತು ಫ್ರೆಂಚ್ ಬಲ್ಲವರಿಗೆ ಅಲ್ಲಿ ಹೆಚ್ಚಿನ ಅಂಕ. ಕರ್ನಾಟಕಕ್ಕೆ ಅಂಥ ಬಾಗಿಲಿಲ್ಲ, ಇರಬಾರದು ಕೂಡ. ಬಿಹಾರದಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಬರುವವನು ವೀಸಾ ಹಿಡಿದು ಬಂದ ಪರದೇಶಿಯಲ್ಲ, ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕಿನಿಂದ ಬಂದ ನಾಗರಿಕ. ಶಾಲೆಯ ಮಾಧ್ಯಮವನ್ನು ಕಡ್ಡಾಯ ಮಾಡುವ ದಾರಿಯೂ 2014ರ ಸುಪ್ರೀಂ ಕೋರ್ಟ್ ಸಂವಿಧಾನ ಪೀಠದ ತೀರ್ಪಿನಿಂದ ಮುಚ್ಚಿದೆ. ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವ 2015ರ ಕಾಯ್ದೆ ಇದೆ, ಆದರೆ ಅದು ಶಾಲೆಯ ಮಕ್ಕಳಿಗೆ. ದುಡಿಯಲು ಬಂದ ವಯಸ್ಕನಿಗೆ ಏನಿದೆ?

ನಾನು ವಾಸವಿರುವ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಒಡಿಶಾದ ಯುವಕನೊಬ್ಬ ರಾತ್ರಿ ಪಾಳಿಯ ಕಾವಲಿಗಿದ್ದ. ಬಂದು ಹೋಗುವವರ ಹೆಸರು ಬರೆದುಕೊಳ್ಳುವ ಪುಸ್ತಕದ ಕೊನೆಯ ಪುಟಗಳಲ್ಲಿ ಅವನು ಒಡಿಯಾ ಲಿಪಿಯಲ್ಲಿ ಕನ್ನಡ ಬರೆದಿಟ್ಟುಕೊಂಡಿದ್ದ. ಯಾರ ಮನೆಗೆ, ಎಷ್ಟನೇ ಮಹಡಿ, ಸ್ವಲ್ಪ ಇರಿ ಸಾರ್, ಅಮ್ಮ ಇಲ್ಲ, ಸಂಜೆ ಬನ್ನಿ. ಒಂದೊಂದು ಮಾತಿನ ಎದುರಿಗೂ ತನ್ನ ಭಾಷೆಯಲ್ಲಿ ಅರ್ಥ. 'ಇರಿ' ಎಂಬುದಕ್ಕೆ ಎರಡು ಅರ್ಥ ಏಕೆ ಎಂದು ಒಮ್ಮೆ ನನ್ನನ್ನು ಕೇಳಿದ. ಯಾರೋ ಅವನಿಗೆ ಚೂರಿಯಿಂದ ಇರಿಯುವುದನ್ನು ಹೇಳಿ ಗಾಬರಿಪಡಿಸಿದ್ದರು. ಆ ಪುಸ್ತಕವನ್ನು ಅವನು ತಾನೇ ಕಟ್ಟಿಕೊಂಡ. ಅವನ ಪಾಳಿಗೆ ಹೊಂದುವ ಸಮಯದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಶುಲ್ಕವಿಲ್ಲದ ಒಂದು ಕನ್ನಡ ತರಗತಿಯನ್ನು ಅವನಿಗಾಗಿ ಹುಡುಕಿದೆ, ಸಿಗಲಿಲ್ಲ. ಅಂದಿನಿಂದ ನನಗೆ 'ಅವರು ಕಲಿಯುವುದಿಲ್ಲ' ಎಂಬ ಮಾತನ್ನು ಪೂರ್ತಿ ಒಪ್ಪಿಕೊಳ್ಳಲು ಆಗಿಲ್ಲ.

ಇದನ್ನು ನೀವು ಅಲ್ಲಿ ಕಂಡಿರುವ ವ್ಯವಸ್ಥೆಯೊಂದಿಗೆ ಹೋಲಿಸಿ. ಕೆನಡಾ ಸರ್ಕಾರ 1992ರಿಂದ ಹೊಸದಾಗಿ ಬಂದ ವಯಸ್ಕರಿಗೆ ಉಚಿತ ಭಾಷಾ ತರಗತಿಗಳನ್ನು ನಡೆಸುತ್ತಿದೆ, ಎಷ್ಟೋ ಕಡೆ ತಾಯಂದಿರು ಪಾಠ ಕೇಳುವಾಗ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ ಉಂಟು. ಕ್ವಿಬೆಕ್ 1968ರಲ್ಲೇ ತನ್ನದೇ ವಲಸೆ ಇಲಾಖೆ ತೆರೆದು ಫ್ರೆಂಚ್ ಕಲಿಸುವ ಕೇಂದ್ರಗಳನ್ನು ಕಟ್ಟಿತು. ಕಲಿಯಬೇಕೆಂದು ಕೇಳುವವರು ಕಲಿಸುವ ಹೊಣೆಯನ್ನೂ ಹೊತ್ತರು. ಕನ್ನಡ ಸಂಘಗಳು, ಕೆಲವು ಸ್ವಯಂಸೇವಕರು ನಮ್ಮಲ್ಲೂ ಈ ಕೆಲಸವನ್ನು ಪ್ರೀತಿಯಿಂದ ಮಾಡುತ್ತಿದ್ದಾರೆ, ಆದರೆ ಕಟ್ಟಡ ಕಾರ್ಮಿಕರ ಶೆಡ್ಡುಗಳವರೆಗೆ ಅದು ತಲುಪಬೇಕಾದರೆ ಸರ್ಕಾರದ ಹಣ ಮತ್ತು ಹಟ ಎರಡೂ ಬೇಕು. ಟೆಕ್ ಪಾರ್ಕಿನ ಸಂಬಳದಾರನ ಮಾತು ಬೇರೆ. ಅವನಿಗೆ ಸಮಯವೂ ಸಾಧನವೂ ಇದ್ದು ಕಲಿಯದಿದ್ದರೆ, ಅದು ಉದಾಸೀನ. ನಿಮ್ಮ ತಮ್ಮನ ಸಿಟ್ಟು ಅವನ ಮೇಲಿರಲಿ, ಕಾವಲುಗಾರನ ಮೇಲೆ ಬೇಡ. ವಾಸ್ತವದಲ್ಲಿ ಬೀದಿಯ ಸಿಟ್ಟು ಮೊದಲು ತಾಗುವುದು ಕೈಲಾಗದವನಿಗೆ ಎಂಬುದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ಕರ್ನಾಟಕ ಎಂದೂ ಒಂದೇ ಭಾಷೆಯ ನಾಡಾಗಿರಲಿಲ್ಲ ಎಂಬುದನ್ನೂ ಮಗಳಿಗೆ ಹೇಳಿ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಮೂರನೇ ಎರಡು ಭಾಗ. ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ, ಬ್ಯಾರಿ ಮಾತಾಡುವ ಇವರು ಯಾರೂ ನಿನ್ನೆ ಬಂದವರಲ್ಲ. ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಒಬ್ಬಾಕೆ ಗಿರಾಕಿಯ ಮುಖ ನೋಡಿ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳ ನಡುವೆ ಬೆಲೆ ಹೇಳುತ್ತ ಹೋಗುತ್ತಾಳೆ; ಯಾವ ನೀತಿಪತ್ರವೂ ಅವಳಿಗೆ ಅದನ್ನು ಕಲಿಸಿಲ್ಲ. ಆದರೂ ತುಳುವಿಗೆ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಸ್ಥಾನ ಬೇಕೆಂಬ ಬೇಡಿಕೆ ದಶಕಗಳಿಂದ ಹಾಗೆಯೇ ಉಳಿದಿದೆ. ದೆಹಲಿಯ ಮುಂದೆ ಕನ್ನಡಕ್ಕಾಗಿ ನಾವು ಹೂಡುವ ವಾದವೆಲ್ಲ ನಮ್ಮ ಮುಂದೆ ತುಳುವರು ಹೂಡುವ ವಾದವೂ ಹೌದು.

ಇನ್ನು, ಎಲ್ಲ ಆಚರಣೆಗೂ ಜಾಗ ಕೊಡಬೇಕೇ ಎಂಬ ಪ್ರಶ್ನೆ. ನಿಮ್ಮ ಸಹೋದ್ಯೋಗಿಗಳ ಟೀಕೆಯ ಅತ್ಯಂತ ಗಟ್ಟಿಯಾದ ಭಾಗ ಇದು, ಇದಕ್ಕೆ ಒಳ್ಳೆಯ ಉತ್ತರ ನಿಮ್ಮ ಒಂಟಾರಿಯೊದಲ್ಲೇ ಸಿಕ್ಕಿದೆ. 1991ರ ಕಾಯ್ದೆಯೊಂದರ ಪ್ರಕಾರ ಅಲ್ಲಿ ಖಾಸಗಿ ಪಂಚಾಯಿತಿದಾರರ ಮುಂದೆ ಕೌಟುಂಬಿಕ ವ್ಯಾಜ್ಯಗಳನ್ನು ಧಾರ್ಮಿಕ ನಿಯಮದಂತೆಯೂ ತೀರ್ಮಾನಿಸಿಕೊಳ್ಳಬಹುದಿತ್ತು. 2003ರಲ್ಲಿ ಮುಸ್ಲಿಂ ಸಂಸ್ಥೆಯೊಂದು ಇದರ ಅಡಿಯಲ್ಲಿ ಷರಿಯತ್ ಪ್ರಕಾರ ತೀರ್ಪು ಕೊಡುವುದಾಗಿ ಹೇಳಿದಾಗ ವಿವಾದ ಎದ್ದಿತು. ಮಾಜಿ ಅಟಾರ್ನಿ ಜನರಲ್ ಮೇರಿಯನ್ ಬಾಯ್ಡ್ 2004ರ ವರದಿಯಲ್ಲಿ, ರಕ್ಷಣೆಗಳನ್ನು ಸೇರಿಸಿ ಇದನ್ನು ಮುಂದುವರಿಸಬಹುದು ಎಂದರು. ಆದರೆ ಅತ್ಯಂತ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಮುಸ್ಲಿಂ ಮಹಿಳೆಯರೇ ಇದ್ದರು. ವಿಚ್ಛೇದನದಲ್ಲಿ, ಮಕ್ಕಳ ಪಾಲನೆಯಲ್ಲಿ ಸಮುದಾಯದ ಒತ್ತಡಕ್ಕೆ ಮಣಿದು ಸಹಿ ಮಾಡುವ ಹೆಣ್ಣಿನ 'ಒಪ್ಪಿಗೆ' ಎಷ್ಟು ಸ್ವತಂತ್ರವಾದದ್ದು ಎಂದು ಅವರು ಕೇಳಿದರು. 2005ರ ಸೆಪ್ಟೆಂಬರ್‌ನಲ್ಲಿ ಪ್ರಾಂತದ ಪ್ರಧಾನಿ ಡಾಲ್ಟನ್ ಮೆಗಿಂಟಿ, ಯಾವ ಧರ್ಮಕ್ಕೂ ಈ ಸೌಲಭ್ಯ ಇರುವುದಿಲ್ಲ ಎಂದು ಘೋಷಿಸಿದರು. ಯಹೂದಿಯರೂ ಕ್ರೈಸ್ತರೂ ಅದುವರೆಗೆ ಹೊಂದಿದ್ದ ಅವಕಾಶವೂ ಹೋಯಿತು. ಎಲ್ಲರಿಗೂ ಒಂದೇ ಅಳತೆ ಇಟ್ಟದ್ದರಿಂದ ಆ ತೀರ್ಮಾನ ಸರಿಯೆಂದು ನಾನು ಭಾವಿಸುತ್ತೇನೆ.

ಇದೇ ಅಳತೆ ನಮಗೂ ಅನ್ವಯಿಸುತ್ತದೆ. 2023ರ ಮಾರ್ಚ್‌ನಲ್ಲಿ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿ, ಜಾತಿ ತಾರತಮ್ಯವನ್ನು ಎದುರಿಸಲು ಮಾನವ ಹಕ್ಕುಗಳ ಆಯೋಗದ ನೆರವು ಕೋರುವ ಗೊತ್ತುವಳಿಯನ್ನು ಅಂಗೀಕರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂಟಾರಿಯೊ ಮಾನವ ಹಕ್ಕುಗಳ ಆಯೋಗ, ಪ್ರಾಂತದ ಕಾನೂನು ಜಾತಿ ತಾರತಮ್ಯದ ವಿರುದ್ಧವೂ ರಕ್ಷಣೆ ಕೊಡುತ್ತದೆಂದು ಸ್ಪಷ್ಟಪಡಿಸಿತು. ನಮ್ಮ ಸಂಸ್ಕೃತಿಗೆ ಕಳಂಕ ಹಚ್ಚಲಾಗುತ್ತಿದೆ ಎಂದು ಕೆಲವು ಸಂಘಟನೆಗಳು ಪ್ರತಿಭಟಿಸಿದವು. ದಾಸೋಹವನ್ನೂ ವಚನಗಳನ್ನೂ ಹೆಮ್ಮೆಯಿಂದ ಹೊತ್ತೊಯ್ದವರು 'ನಿಮ್ಮ ಕಡೆ ಯಾವ ಜನ' ಎಂಬ ಪ್ರಶ್ನೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದರೆ, ಅದನ್ನು ಅಲ್ಲಿ ಹೊರಗೆ ತೆಗೆಯದಂತೆ ತಡೆಯುವುದು ಬಹುಸಂಸ್ಕೃತಿಯ ಕೆಲಸವೇ ಆಗಿದೆ. ನೀತಿ ಕಾಪಾಡಬೇಕಾದದ್ದು ಸಮುದಾಯದೊಳಗಿನ ಮನುಷ್ಯರನ್ನು, ಅವರಲ್ಲೂ ದನಿ ಕುಗ್ಗಿದವರನ್ನು.

ಹಾಗೆಂದು ಹೊರಗಿನಿಂದ ಹೇರುವ ಕಟ್ಟಳೆಗಳೆಲ್ಲ ಸರಿ ಎಂದೂ ಅಲ್ಲ. ಮಾಂಟ್ರಿಯಲ್‌ನ ಶಾಲೆಯಂಗಳದಲ್ಲಿ 2001ರಲ್ಲಿ ಹನ್ನೆರಡು ವರ್ಷದ ಸಿಖ್ ಹುಡುಗನೊಬ್ಬನ ಬಟ್ಟೆಯೊಳಗಿದ್ದ ಕಿರ್ಪಾನ್, ಎಂದರೆ ಸಿಖ್ಖರು ಧರ್ಮದ ಗುರುತಾಗಿ ಧರಿಸುವ ಕಿರುಗತ್ತಿ, ನೆಲಕ್ಕೆ ಬಿತ್ತು. ಅದನ್ನು ಬಟ್ಟೆಯೊಳಗೆ ಹೊಲಿದು ಧರಿಸಬಹುದೆಂದು ಮೊದಲು ಒಪ್ಪಂದವಾಯಿತು, ಆಮೇಲೆ ಶಾಲೆಯ ಆಡಳಿತ ಒಲ್ಲೆನೆಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ತೀರ್ಪು ಬಂತು. ಕತ್ತರಿ, ಬೇಸ್‌ಬಾಲ್ ಬ್ಯಾಟ್‌ಗಳಂಥ ವಸ್ತುಗಳು ಶಾಲೆಯಲ್ಲಿ ಇದ್ದೇ ಇರುತ್ತವೆ, ಸಿಖ್ ಮಕ್ಕಳು ಕೆನಡಾದ ಶಾಲೆಗೆ ಹೋಗಲಾರಂಭಿಸಿದ ನೂರು ವರ್ಷಗಳಲ್ಲಿ ಕಿರ್ಪಾನ್‌ನಿಂದ ಹಿಂಸೆ ನಡೆದ ಒಂದು ಘಟನೆಯೂ ವರದಿಯಾಗಿಲ್ಲ ಎಂದು ಗಮನಿಸಿದ ನ್ಯಾಯಾಲಯ, ಮರದ ಒರೆಯಲ್ಲಿಟ್ಟು, ಬಟ್ಟೆಯಲ್ಲಿ ಹೊಲಿದು, ಅಂಗಿಯೊಳಗೆ ಧರಿಸುವಂಥ ಷರತ್ತುಗಳೊಂದಿಗೆ ಅನುಮತಿ ಕೊಡಬಹುದಿತ್ತೆಂದು ಹೇಳಿತು. ಹೊಲಿಗೆಯಷ್ಟು ಸಣ್ಣ ವಿವರದಲ್ಲಿ ಪರಿಹಾರ ಹುಡುಕುವ ಈ ತಾಳ್ಮೆ ನನಗೆ ಬಹಳ ಇಷ್ಟ.

ಆ ತಾಳ್ಮೆ ಕ್ವಿಬೆಕ್‌ನಲ್ಲಿ ಉಳಿಯಲಿಲ್ಲ. ಇತಿಹಾಸಕಾರ ಜೆರಾರ್ ಬೂಶಾರ್ ಮತ್ತು ತತ್ತ್ವಶಾಸ್ತ್ರಜ್ಞ ಚಾರ್ಲ್ಸ್ ಟೇಲರ್ ಅವರ ಆಯೋಗ 2008ರಲ್ಲಿ, ನ್ಯಾಯಾಧೀಶರು, ಪೊಲೀಸರಂಥ ಕೆಲವರಿಗೆ ಮಾತ್ರ ಧಾರ್ಮಿಕ ಚಿಹ್ನೆಗಳು ಬೇಡವೆಂದಿತ್ತು. 2019ರ ಕಾನೂನು ಸಾರ್ವಜನಿಕ ಶಾಲೆಯ ಶಿಕ್ಷಕರನ್ನೂ ಅದಕ್ಕೆ ಸೇರಿಸಿತು, ಕೆನಡಾ ಸಂವಿಧಾನದ ಹಕ್ಕುಗಳ ಸನ್ನದನ್ನು ಬದಿಗಿಡಲು ಬಿಡುವ ವಿಶೇಷ ಕಲಮನ್ನು ಬಳಸಿ. ಇದರ ಮೇಲಿನ ಮೇಲ್ಮನವಿಯನ್ನು ಕೇಳಲು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಒಪ್ಪಿಕೊಂಡಿತು. ಭಾಷೆಯ ವಿಷಯದಲ್ಲಿ ಕ್ವಿಬೆಕ್ ಜೊತೆ ನಿಲ್ಲುವ ನಾನು ಇಲ್ಲಿ ಅದರ ಜೊತೆ ನಿಲ್ಲಲಾರೆ. ಫ್ರೆಂಚ್ ಕಲಿತವಳಿಗೆ ಅವಳ ಹಿಂದಿನ ಭಾಷೆಯೂ ಉಳಿದು ಇನ್ನೊಂದು ಸೇರುತ್ತದೆ. ಹಿಜಾಬ್ ತೆಗೆ, ಇಲ್ಲವೇ ಪಾಠ ಮಾಡಬೇಡ ಎಂದರೆ ಅವಳ ಕೈಯಿಂದ ಒಂದನ್ನು ಕಿತ್ತುಕೊಂಡಂತೆ. ಉಡುಪಿಯ ಕಾಲೇಜಿನಲ್ಲಿ ಆರಂಭವಾದ ವಿವಾದದಲ್ಲಿ 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿದಾಗಲೂ, ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಾಗಲೂ ನನ್ನ ಮನಸ್ಸು ತರಗತಿಯ ಹೊರಗೆ ನಿಂತ ಹುಡುಗಿಯರ ಮೇಲಿತ್ತು.

'ಸೋತಿತು' ಎಂಬ ಮಾತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2010ರ ಅಕ್ಟೋಬರ್‌ನಲ್ಲಿ ಜರ್ಮನಿಯ ಚಾನ್ಸಲರ್ ಅಂಗೆಲಾ ಮರ್ಕೆಲ್ ಅದು ಪೂರ್ತಿ ಸೋತಿದೆ ಎಂದಾಗ ಈ ಮಾತಿಗೆ ಬಲ ಬಂತು. ಆದರೆ ಜರ್ಮನಿ 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡದ್ದು 'ಅತಿಥಿ'ಗಳೆಂದು, ಅವರು ಹಿಂತಿರುಗುತ್ತಾರೆಂದು. ಅಲ್ಲೇ ಹುಟ್ಟಿದ ಅವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವ ಸಿಗುವ ದಾರಿ ತೆರೆದದ್ದು 2000ದಲ್ಲಿ. ಕೈಗೆತ್ತಿಕೊಳ್ಳದ ಕೆಲಸ ಸೋತಿತು ಎನ್ನಲಾಗದು. ಕೆನಡಾದಲ್ಲಿ ಇಂದು ಕೇಳುವ ಅಸಮಾಧಾನದ ಬಹುಪಾಲು ಮನೆ ಬಾಡಿಗೆಯದು, ಆಸ್ಪತ್ರೆಯ ಸರದಿಯದು. ವಿದ್ಯಾರ್ಥಿ ವೀಸಾಗಳನ್ನು ಮಿತಿಯಿಲ್ಲದೆ ಕೊಟ್ಟು, 2024ರ ಜನವರಿಯಲ್ಲಿ ಶೇ 35ರಷ್ಟು ಕಡಿತ ಪ್ರಕಟಿಸಿದ್ದು ಸರ್ಕಾರ. ಆ ತಪ್ಪಿನ ಹೊರೆಯನ್ನು ಬ್ರಾಂಪ್ಟನ್‌ನ ನೆಲಮಾಳಿಗೆಗಳಲ್ಲಿ ಐದಾರು ಮಂದಿ ಸೇರಿ ಬಾಡಿಗೆ ಕಟ್ಟುವ ಹುಡುಗರ ಪೇಟದ ಮೇಲೆ ಹೊರಿಸುವುದು ಅನ್ಯಾಯ.

ಕೊನೆಯದಾಗಿ ನಿಮ್ಮ ಮಗಳು. ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ ಎಂದು ಬೇಸರಿಸಬೇಡಿ, ನೀವು ಕನ್ನಡದಲ್ಲಿ ಕೇಳುವುದನ್ನು ನಿಲ್ಲಿಸಬೇಡಿ. ಕೇಳಿ ಅರ್ಥಮಾಡಿಕೊಳ್ಳುವ ಮಗುವಿನಲ್ಲಿ ಭಾಷೆ ಇನ್ನೂ ಜೀವಂತವಾಗಿದೆ. ಒಂಟಾರಿಯೊದ ಪ್ರಾಥಮಿಕ ಶಾಲೆಗಳಲ್ಲಿ ಅಂತರರಾಷ್ಟ್ರೀಯ ಭಾಷೆಗಳ ಕಾರ್ಯಕ್ರಮವಿದೆ. 25 ಮಕ್ಕಳ ಪೋಷಕರು ಸೇರಿ ಕೇಳಿದರೆ ಆ ಭಾಷೆಯ ತರಗತಿಯನ್ನು ಶಾಲಾ ಮಂಡಳಿ ನಡೆಸಬೇಕು. ನಿಮ್ಮ ಮಂಡಳಿಯಲ್ಲಿ ಕನ್ನಡ ಈಗಾಗಲೇ ಇದೆಯೇ ವಿಚಾರಿಸಿ, ಇಲ್ಲದಿದ್ದರೆ ಮುಂದಿನ ಯುಗಾದಿ ಊಟದಲ್ಲಿ ಕಾಗದ ಹಿಡಿದು ಸಹಿ ಕೂಡಿಸಿ. ಅದೇ ವಾರ ತಮ್ಮನಿಗೂ ಫೋನು ಮಾಡಿ, ಅವರ ಬೀದಿಯ ಸಮುದಾಯ ಭವನದಲ್ಲಿ ಕಾವಲುಗಾರರಿಗೆ, ಡೆಲಿವರಿ ಹುಡುಗರಿಗೆ ವಾರಕ್ಕೆರಡು ಸಂಜೆ ಕನ್ನಡ ಹೇಳಿಕೊಡಲು ಸಾಧ್ಯವೇ ಎಂದು ಕೇಳಿ. ಆ ಫೋನು ಮಾಡುವಾಗ ಮಗಳು ಪಕ್ಕದಲ್ಲಿರಲಿ.